ಅಲ್ಲಿ ಸುಟ್ಟರೆ ದುಡ್ಡು, ಇಲ್ಲಿ ಕಡಿದರೆ ದುಡ್ಡು

ಅಮೆರಿಕದ ಫಾರೆಸ್ಟ್ ಸರ್ವಿಸ್ ನೋಡಿಕೊಳ್ಳುವ ಜಾಗ ಸುಮಾರು 19.3 ಕೋಟಿ ಎಕರೆ, ಅಂದರೆ 7.8 ಲಕ್ಷ ಚದರ ಕಿಲೋಮೀಟರ್. ನಮ್ಮ ದೇಶದಲ್ಲಿ ಸರ್ಕಾರಿ ದಾಖಲೆಯಲ್ಲಿ ಅರಣ್ಯ ಅಂತ ಇರುವ ಜಾಗ 7.75 ಲಕ್ಷ ಚದರ ಕಿಲೋಮೀಟರ್. ಹೆಚ್ಚುಕಡಿಮೆ ಅಷ್ಟಕ್ಕಷ್ಟೇ! ಇದನ್ನು ನೋಡಿದ ಕೂಡಲೇ ನನಗೆ ಆಸೆ ಹುಟ್ಟಿತು. ಎರಡೂ ಕಡೆಯ ಖರ್ಚನ್ನು ಪಕ್ಕಪಕ್ಕ ಇಟ್ಟು ಹೆಕ್ಟೇರಿಗೆ ಇಷ್ಟು ಅಂತ ಭಾಗಿಸಿಬಿಟ್ಟರೆ ಲೆಕ್ಕ ಮುಗೀತು, ಅಲ್ವಾ?

ಮುಗಿಯಲಿಲ್ಲ. ಅಲ್ಲಿಯದು ಒಂದೇ ಕೇಂದ್ರ ಸಂಸ್ಥೆಯ ಬಜೆಟ್. ಇಲ್ಲಿ ಗಾರ್ಡ್ ಸಂಬಳ ರಾಜ್ಯದ್ದು, ಕೆಲವು ಯೋಜನೆ ಕೇಂದ್ರದ್ದು, ಎಲ್ಲಾ ಹತ್ತಾರು ಪುಸ್ತಕಗಳಲ್ಲಿ ಚೆಲ್ಲಿಹೋಗಿದೆ. ಕೂಲಿಯೂ ಅಜಗಜಾಂತರ. ಡಾಲರನ್ನು ರೂಪಾಯಿ ಮಾಡಿ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ, ಸುಮ್ನೆ ಬರುತ್ತದೆ ಅಷ್ಟೆ. ಹಾಗಾಗಿ ಬೇರೆ ಪ್ರಶ್ನೆ ಹಿಡಿದೆ: ಏನಾದಾಗ ಸರ್ಕಾರ ಕಾಡಿಗೆ ಅಂತ ಗಂಟು ಬಿಚ್ಚುತ್ತದೆ?

ಅಮೆರಿಕದಲ್ಲಿ, ಬೆಂಕಿ ಬಿದ್ದಾಗ. 1910ರ ಆಗಸ್ಟ್‌ನಲ್ಲಿ ಐಡಹೋ, ಮೊಂಟಾನಾ ಕಡೆ ಎರಡೇ ದಿನದಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟುಹೋಯಿತು. ಬರೀ ಐದು ವರ್ಷದ ಕೂಸಾಗಿದ್ದ ಫಾರೆಸ್ಟ್ ಸರ್ವಿಸ್ ಬೆದರಿಹೋಯಿತು. 1935ರಲ್ಲಿ ನಿಯಮವೇ ಬಂತು: ಇವತ್ತು ಕಂಡ ಬೆಂಕಿ ನಾಳೆ ಬೆಳಗ್ಗೆ ಹತ್ತು ಗಂಟೆಯೊಳಗೆ ಹತೋಟಿಗೆ ಬಂದಿರಬೇಕು.

ಕೇಳೋಕೆ ಚೆನ್ನಾಗಿದೆ. ಆದರೆ ಅಲ್ಲಿನ ಪೊಂಡೆರೋಸಾ ಪೈನ್ ಕಾಡಿಗೆ ಬೆಂಕಿ ಹಳೇ ನೆಂಟ. ಕೆಲವು ವರ್ಷಕ್ಕೊಮ್ಮೆ ನೆಲದ ಮೇಲೆ ಸಣ್ಣ ಉರಿ ಹರಿದು, ತರಗೆಲೆ, ಪುಟ್ಟ ಸಸಿಗಳನ್ನು ನೆಕ್ಕಿಕೊಂಡು ಹೋಗುತ್ತಿತ್ತು. ದೊಡ್ಡ ಮರಗಳನ್ನು ಅವುಗಳ ದಪ್ಪ ತೊಗಟೆ ಕಾಯುತ್ತಿತ್ತು. ಎಲ್ಲಾ ಬೆಂಕಿಯನ್ನೂ ಆರಿಸುತ್ತಾ ಹೋದಾಗ ಆ ತರಗು ದಶಕಗಟ್ಟಲೆ ಹಾಗೇ ಕೂಡಿಬಿತ್ತು, ಸಸಿಗಳು ಒತ್ತೊತ್ತಾಗಿ ಬೆಳೆದು ಏಣಿಯಂತೆ ನಿಂತವು, ಮುಂದೆ ಬಂದ ಬೆಂಕಿ ಆ ಏಣಿ ಹತ್ತಿ ನೇರ ಮರದ ತುದಿಗೇ ಹೋಯಿತು. ತುದಿಗೇರಿದ ಬೆಂಕಿಗೆ ಗುದ್ದಲಿ ಸಾಲದು, ವಿಮಾನ ಬೇಕು. ಮೇಲಿಂದ ಹವಾಮಾನವೂ ಬಿಸಿಯಾಗುತ್ತಿದೆ, ಮನೆಗಳೂ ಕಾಡಂಚಿಗೆ ಬಂದಿವೆ.

1995ರಲ್ಲಿ ಫಾರೆಸ್ಟ್ ಸರ್ವಿಸ್ ಬಜೆಟ್ಟಿನ ಶೇ. 16ರಷ್ಟು ಬೆಂಕಿಗೆ ಹೋಗುತ್ತಿತ್ತು. 2015ಕ್ಕೆ ಅರ್ಧ ದಾಟಿತು. ಬೆಂಕಿ ಬಿಟ್ಟು ಬೇರೆ ಕೆಲಸಕ್ಕೆ 1998ರಲ್ಲಿ ಸುಮಾರು 18,000 ಜನ ಇದ್ದರು, 2015ರಲ್ಲಿ 11,000 ಕೂಡ ಇರಲಿಲ್ಲ. ಇನ್ನೂ ತಮಾಷೆ ಅಂದರೆ, ಆರಿಸುವ ದುಡ್ಡು ಖಾಲಿಯಾದ ವರ್ಷ ಬೇರೆ ಬಾಬ್ತಿನಿಂದ ಎತ್ತಿಕೊಳ್ಳುತ್ತಿದ್ದರು, ಅದರಲ್ಲಿ ಪೊದೆ ಸವರಿ ಬೆಂಕಿ ತಡೆಯುವ ಕೆಲಸದ ದುಡ್ಡೂ ಇತ್ತು. ಬಿತ್ತನೆ ಬೀಜ ಕುಟ್ಟಿ ತಿಂದ ಹಾಗೆ. 2018ರಲ್ಲಿ ಕಾನೂನು ತಿದ್ದಿ, 2020ರಿಂದ ದೊಡ್ಡ ಬೆಂಕಿಗೆ ಅಂತಲೇ ಬೇರೆ ಗಂಟು ಇಟ್ಟರು. ಮೊದಲ ವರ್ಷಕ್ಕೇ 225 ಕೋಟಿ ಡಾಲರ್!

ಇಲ್ಲಿ ಬೆಂಕಿಯ ಖರ್ಚು ಹೇಗಿರುತ್ತದೆ ಅಂತ ನೋಡಬೇಕಾದರೆ ಜನವರಿಯಲ್ಲಿ ಗುಂಡ್ಲುಪೇಟೆಯಿಂದ ಊಟಿ ಕಡೆ ಹೋಗಿ. ಬಂಡೀಪುರದೊಳಗೆ ರಸ್ತೆಯ ಎರಡೂ ಬದಿ ಕಪ್ಪು ಪಟ್ಟಿ ಕಾಣುತ್ತದೆ. ಯಾರೋ ಬೀಡಿ ಎಸೆದದ್ದಲ್ಲ, ಬೆಂಕಿ ಆಚೆ ದಾಟದಿರಲಿ ಅಂತ ಇಲಾಖೆಯವರೇ ಹುಲ್ಲು, ಲಂಟಾನ ಕಳೆ ಸವರಿ ಸುಟ್ಟ ಬೆಂಕಿ ರೇಖೆ. ಬೇಸಿಗೆ ಮುಗಿಯೋವರೆಗೂ ಅಕ್ಕಪಕ್ಕದ ಹಾಡಿ, ಊರುಗಳ ಜನ ದಿನಗೂಲಿ ವಾಚರ್‌ಗಳಾಗಿ ಕಾಯುತ್ತಾರೆ. ಬೆಂಕಿ ಕಂಡರೆ ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬಡಿಯುವುದು. 2019ರ ಫೆಬ್ರವರಿಯಲ್ಲಿ ಸೊಪ್ಪಿಗೆ ಬಗ್ಗದೆ ಹೋದಾಗ ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಬೇಕಾಯಿತು.

ದೊಡ್ಡ ದುಡ್ಡು ನಮ್ಮಲ್ಲಿ ಬೇರೆ ಬಾಗಿಲಿಂದ ಬರುತ್ತದೆ. ಗಣಿಗೋ, ಅಣೆಕಟ್ಟಿಗೋ, ರಸ್ತೆಗೋ ಕಾಡು ಬಿಟ್ಟುಕೊಟ್ಟರೆ ಪಡೆದವರು ಆ ಕಾಡಿನ 'ಬೆಲೆ' ಕಟ್ಟಬೇಕು. 2008ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ದರ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ. ಕ್ಯಾಂಪಾ ಅನ್ನುವ ಈ ನಿಧಿ ವರ್ಷಗಟ್ಟಲೆ ಬ್ಯಾಂಕಿನಲ್ಲಿ ಬೆಳೆದು, 2019ರ ಆಗಸ್ಟ್‌ನಲ್ಲಿ 47,000 ಕೋಟಿಗೂ ಜಾಸ್ತಿ ದುಡ್ಡು 27 ರಾಜ್ಯಗಳಿಗೆ ಹೋಯಿತು. ಯಾರಿಗೆ ಹೆಚ್ಚು? ಒಡಿಶಾಗೆ 5,900 ಕೋಟಿ, ಛತ್ತೀಸ್‌ಗಢಕ್ಕೆ 5,700 ಕೋಟಿ ದಾಟಿತು. ಎರಡೂ ಗಣಿ ರಾಜ್ಯಗಳು. ನಮ್ಮ ಕರ್ನಾಟಕಕ್ಕೆ ಬಂದದ್ದು ಸುಮಾರು 1,350 ಕೋಟಿ. ಬಜೆಟ್ ಪುಸ್ತಕದಲ್ಲಿ ಇದು ಕಾಡಿಗಾಗಿ ಮಾಡಿದ ಖರ್ಚು, ಓದಿದವರಿಗೆ ಸಂತೋಷವೂ ಆಗಬಹುದು!

ಆ ದುಡ್ಡಿಂದ ಏನು ಬರುತ್ತದೆ? ನೆಡುತೋಪು. ಸಾಲಾಗಿ ಗುಂಡಿ, ಗುಂಡಿಗೊಂದು ಸಸಿ, ಒಟ್ಟು ನಾಲ್ಕೈದು ಜಾತಿ. ಹೋದ ಕಾಡಿನಲ್ಲಿ ಬಳ್ಳಿಗಳಿದ್ದವು, ಬೇರಿಗೆ ಅಂಟಿಕೊಂಡು ನೀರು, ರಂಜಕ ಒದಗಿಸುವ ಶಿಲೀಂಧ್ರಗಳಿದ್ದವು, ಮಣ್ಣಿನಲ್ಲಿ ನೂರಾರು ವರ್ಷದ ಇಂಗಾಲ ಇತ್ತು. ಅದ್ಯಾವುದೂ ನರ್ಸರಿ ಚೀಲದಲ್ಲಿ ಬರಲ್ಲ. ಆ ತೋಪಾದರೂ ಎದ್ದಿತೇ ಅಂದರೆ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2013ರ ವರದಿ ಓದಿ. ಕಾಡಿಗೆ ಬದಲಾಗಿ ಸಿಗಬೇಕಿದ್ದ ಜಮೀನು 1.03 ಲಕ್ಷ ಹೆಕ್ಟೇರ್, ಸಿಕ್ಕಿದ್ದು 28 ಸಾವಿರ, ಗಿಡ ನೆಟ್ಟದ್ದು ಬರೀ 7,280.

ಹಾಗಾದರೆ ಸುಡದೆ, ಕಡಿಯದೆ ಸುಮ್ಮನೆ ನಿಂತ ಕಾಡಿಗೆ? ಇಲ್ಲಿ ಅದಕ್ಕೂ ಒಂದು ದುಡ್ಡಿದೆ, ನನಗೆ ಗೊತ್ತಾಗಿದ್ದು ತಡವಾಗಿ. 2015ರಿಂದ 14ನೇ ಹಣಕಾಸು ಆಯೋಗ ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲು ಹಂಚುವಾಗ ಕಾಡಿನ ಹೊದಿಕೆಗೆ ಶೇ. 7.5 ತೂಕ ಕೊಟ್ಟಿತು, 15ನೇ ಆಯೋಗ ಅದನ್ನು 10 ಮಾಡಿತು. ಕಾಡು ಜಾಸ್ತಿ ಇದ್ದರೆ ಪಾಲೂ ಜಾಸ್ತಿ. ಆದರೆ ಈ ದುಡ್ಡು ಅರಣ್ಯ ಖರ್ಚಿನ ಯಾವ ಪಟ್ಟಿಯಲ್ಲೂ ಕಾಣಲ್ಲ, ಯಾಕಂದರೆ ಅದನ್ನು ಕಾಡಿಗೇ ಬಳಸಬೇಕು ಅಂತ ಷರತ್ತಿಲ್ಲ. ರಾಜ್ಯ ಅದರಲ್ಲಿ ರಸ್ತೆ ಹಾಕಬಹುದು, ಕಾಡಿನೊಳಗೇ ಬೇಕಾದರೂ.