ದಾರಿ ಅಷ್ಟೇ, ಗಂಟೆ ಮಾತ್ರ ಬೇರೆ

"ಹೋಗುವಾಗ ಹದಿನಾರು ಗಂಟೆ, ಬರುವಾಗ ಹದಿನೇಳೂವರೆ. ಊರು ಅವೇ ಎರಡು ಅಲ್ವಾ?" ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಮಗಳ ಮನೆಗೆ ಹೊರಟ ಪಕ್ಕದ ಮನೆಯವರು ಟಿಕೆಟ್ ಹಿಡಿದು ಕೇಳಿದರು. ನಾನು ಫ್ಲೈಟ್ ಡಿಸ್ಪ್ಯಾಚರ್. ವಿಮಾನ ಯಾವ ದಾರಿ ಹಿಡಿಯಬೇಕು, ಎಷ್ಟು ಇಂಧನ ತುಂಬಬೇಕು ಅಂತ ಲೆಕ್ಕ ಹಾಕುವುದೇ ನನ್ನ ಕೆಲಸ.

ಮಗಳ ಶಾಲೆಯ ಕಾಲದ ಗ್ಲೋಬ್ ಅವರ ಶೋಕೇಸಿನಲ್ಲಿತ್ತು. ಹೂ ಕಟ್ಟುವ ದಾರ ತರಿಸಿ, ಬೆಂಗಳೂರಿನ ಮೇಲೆ ಒಂದು ತುದಿ, ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇನ್ನೊಂದು ತುದಿ ಇಟ್ಟು ಬಿಗಿಯಾಗಿ ಎಳೆದೆ. ದಾರ ಪೆಸಿಫಿಕ್ ಸಾಗರದ ನಡುವೆ ಹೋಗಲೇ ಇಲ್ಲ. ಚೀನಾ ದಾಟಿ, ಸೈಬೀರಿಯಾದ ಉತ್ತರ ತುದಿ ಸವರಿ, ಅಲಾಸ್ಕದ ಕಡೆಯಿಂದ ಕೆಳಗಿಳಿಯಿತು. ಅದೇ ಅತಿ ಹತ್ತಿರದ ದಾರಿ, ಸುಮಾರು 14,000 ಕಿ.ಮೀ. ಗೋಡೆಯ ಮೇಲಿನ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಎಳೆದ ಗೆರೆಯಲ್ಲೇ ಹೋದರೆ 2,000 ಕಿ.ಮೀ.ಗಿಂತ ಜಾಸ್ತಿ ಸುತ್ತು!

ಇನ್ನು ಗಂಟೆಯ ವಿಷಯ. ಹತ್ತು ಕಿ.ಮೀ. ಎತ್ತರದ ಆಸುಪಾಸಿನಲ್ಲಿ ಜೆಟ್ ಸ್ಟ್ರೀಮ್ ಅನ್ನುವ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ಅದರ ಜೋರು ಇನ್ನೂ ಹೆಚ್ಚು. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂದುಕೊಳ್ಳಿ. ದಾರಿಯುದ್ದಕ್ಕೂ ಸರಾಸರಿ 60 ಕಿ.ಮೀ. ಗಾಳಿ ಬೆನ್ನಿಗಿದ್ದರೆ ಹದಿನಾಲ್ಕೂವರೆ ಗಂಟೆ ಸಾಕು. ಅದೇ ಗಾಳಿ ಎದುರಾದರೆ ಹದಿನಾರೂ ಮುಕ್ಕಾಲು. ರನ್‌ವೇ ತನಕ ಉರುಳುವುದು, ಏರುವುದು, ಇಳಿಯುವುದು ಎಲ್ಲ ಇದರ ಮೇಲೆ. ಹಾಗಾಗಿ ನಾವು ಕಿಲೋಮೀಟರ್ ನೋಡುವುದಕ್ಕಿಂತ ಮೊದಲು ಗಾಳಿ ನೋಡುತ್ತೇವೆ. ಪೂರ್ವಕ್ಕೆ ಹೋಗುವಾಗ ಸ್ವಲ್ಪ ಸುತ್ತಾದರೂ ಪೆಸಿಫಿಕ್ ಮೇಲಿನ ಬೆನ್ನುಗಾಳಿ ಹುಡುಕುತ್ತೇವೆ, ಬರುವಾಗ ಅದನ್ನೇ ತಪ್ಪಿಸಿಕೊಂಡು ಬೇರೆ ಕಡೆಯಿಂದ ಬರುವ ದಾರಿ ನೋಡುತ್ತೇವೆ.

2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಬರೀ ಮಹಿಳೆಯರೇ ಇದ್ದ ಏರ್ ಇಂಡಿಯಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿಂದಲೇ ಬೆಂಗಳೂರಿಗೆ ಬಂತಲ್ಲ, ಆ ಹಾರಾಟ ನೆನೆದರೆ ನನಗೆ ಇವತ್ತಿಗೂ ಹೆಮ್ಮೆ. ಸುಮ್ನೆ ಮಾತಲ್ಲ ಅದು. ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿ ಹತ್ತಿರ ಹೆಪ್ಪುಗಟ್ಟಲು ಶುರುವಾಗುತ್ತದೆ, ಧ್ರುವದ ಮೇಲಿನ ಗಾಳಿ ಅದಕ್ಕಿಂತಲೂ ತಣ್ಣಗಿರಬಹುದು. ಟ್ಯಾಂಕಿನ ಉಷ್ಣತೆಯ ಮೇಲೆ ಕಣ್ಣಿಟ್ಟಿರಬೇಕು, ತೀರಾ ಇಳಿದರೆ ಕೆಳಗಿನ ಬೆಚ್ಚನೆಯ ಗಾಳಿಗೆ ಬರಬೇಕು. ತುರ್ತಾಗಿ ಇಳಿಯಲು ಹತ್ತಿರದಲ್ಲಿ ನಿಲ್ದಾಣಗಳೂ ಕಡಿಮೆ.

ಆ ವಿಮಾನ ಹೊರಟದ್ದು ಅಲ್ಲಿನ ಶನಿವಾರ ರಾತ್ರಿ, ಇಲ್ಲಿ ಇಳಿದದ್ದು ಸೋಮವಾರ ಬೆಳಗಿನ ಜಾವ. ಎರಡು ಊರುಗಳ ಗಡಿಯಾರದ ನಡುವೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಟಿಕೆಟ್‌ನಲ್ಲಿರುವುದು ಆಯಾ ಊರಿನ ಸಮಯ, ಒಂದರಲ್ಲಿ ಇನ್ನೊಂದನ್ನು ಕಳೆದರೆ ಲೆಕ್ಕ ತಪ್ಪುತ್ತದೆ. ಪಕ್ಕದ ಮನೆಯವರ ವಾಪಸ್ ಟಿಕೆಟ್‌ನಲ್ಲಿ ಇಳಿಯುವ ದಿನಕ್ಕೆ ಪೆನ್ನಿನಿಂದ ಸುತ್ತು ಹಾಕಿದೆ. ಕರೆದುಕೊಂಡು ಬರಲು ಏರ್‌ಪೋರ್ಟಿಗೆ ಹೋಗುವ ಮಗನಿಗೆ ಆ ತಾರೀಖನ್ನೇ ಕಳಿಸಿ, ಹೊರಡುವ ದಿನ ಹೇಳಬೇಡಿ ಅಂದೆ.