ಸಹಿ ತಡವಾದರೆ ಗೋಡೌನ್ ತಡ

ದಾವಣಗೆರೆ ಸುತ್ತ ಜೂನ್‌ನಲ್ಲಿ ಬಿತ್ತಿದ ಮೆಕ್ಕೆಜೋಳ ಅಕ್ಟೋಬರ್ ಹೊತ್ತಿಗೆ ಕಣಕ್ಕೆ ಬರುತ್ತದೆ. ಅಷ್ಟರೊಳಗೆ ಒಂದು ಗೋಡೌನ್ ಎದ್ದು ನಿಲ್ಲಬೇಕು ಎಂದುಕೊಳ್ಳಿ: 60 ಅಡಿ ಅಗಲ, 100 ಅಡಿ ಉದ್ದ, 12 ಕಬ್ಬಿಣದ ಕಂಬ, ಛಾವಣಿ ಹೊರುವ ಕಬ್ಬಿಣದ ಚೌಕಟ್ಟು ಅಂದರೆ ಟ್ರಸ್, ಮೇಲೆ ಶೀಟು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕಲಿಯಬೇಕೆನ್ನುವವರು ಸಾಫ್ಟ್‌ವೇರ್ ತೆರೆಯುವ ಮೊದಲು ಇಂಥ ಒಂದು ಕೆಲಸವನ್ನು ಗೋಡೆಗೆ ಚೀಟಿ ಅಂಟಿಸಿ ಬಿಡಿಸಿ ನೋಡುವುದು ಒಳ್ಳೆಯದು. ಚೀಟಿಗೊಂದು ಕೆಲಸ, ಅದಕ್ಕೆ ಹಿಡಿಯುವ ದಿನ, ಅದಕ್ಕೂ ಮೊದಲು ಏನು ಮುಗಿದಿರಬೇಕು ಎಂಬ ವಿವರ. ಈ ಮೂರನೆಯದಿಲ್ಲದಿದ್ದರೆ ಅದು ಬರೀ ದಿನಸಿ ಚೀಟಿ.

ಸೈಟಿನ ಕಡೆ ಗುರುತು ಹಾಕಿ ಗುಂಡಿ ತೆಗೆಯಲು 5 ದಿನ, ಫುಟಿಂಗ್ (ಗುಂಡಿಯ ತಳಪಾಯ) ಮತ್ತು ಪೆಡೆಸ್ಟಲ್ (ಕಂಬ ಕೂರುವ ಮೋಟು ಪೀಠ) ಕಾಂಕ್ರೀಟಿಗೆ 6, ಕ್ಯೂರಿಂಗ್‌ಗೆ 10, ಒಟ್ಟು 21. ಕ್ಯೂರಿಂಗ್ ದಿನಗಳಲ್ಲಿ ಚೌಕಾಸಿ ಬೇಡ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಹೇಳುವಂತೆ ಒಪಿಸಿ ಅಂದರೆ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ನೀರು ಕುಡಿಸಲೇಬೇಕು. ವರ್ಕ್‌ಶಾಪ್ ಕಡೆ ಅದೇ ಹೊತ್ತಿಗೆ ಡ್ರಾಯಿಂಗ್ ಅಂತಿಮಗೊಳಿಸಿ ಮಾಲೀಕರ ಸಹಿ ಹಾಕಿಸಲು 3 ದಿನ, ಕಬ್ಬಿಣ ಬರಲು 7, ಕತ್ತರಿಸಿ ವೆಲ್ಡ್ ಮಾಡಲು 15, ಪೇಂಟಿಗೆ 3, ಒಟ್ಟು 28. ಇವೆರಡೂ ಮುಗಿದ ಮೇಲೆ ಕಂಬ, ಟ್ರಸ್ ಎತ್ತಲು 6, ಶೀಟು ಹೊದಿಸಲು 5, ನೆಲಕ್ಕೆ ಗರಸು ತುಂಬಿ ಕುಟ್ಟಿ ಕಾಂಕ್ರೀಟ್ ಹಾಕಲು 8, ನೆಲದ ಕ್ಯೂರಿಂಗ್‌ಗೆ 10. ಎರಡರಲ್ಲಿ ಉದ್ದದ ದಾರಿ, ಅಂದರೆ ವರ್ಕ್‌ಶಾಪಿನ 28, ಹಿಡಿದು ಕೂಡಿದರೆ 57 ದಿನ. ಇದೇ ಕ್ರಿಟಿಕಲ್ ಪಾತ್, ಕೊನೆಯ ತಾರೀಖನ್ನು ನಿರ್ಧರಿಸುವ ದಾರಿ. 1957ರಲ್ಲಿ ಅಮೆರಿಕದ ಡುಪಾಂಟ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಗಳ ಎಂಜಿನಿಯರುಗಳು ಕಂಪ್ಯೂಟರ್ ಮೇಲೆ ಮಾಡಿದ ಲೆಕ್ಕದ ತಿರುಳೂ ಇಷ್ಟೇ.

ಈಗ ಮಾಲೀಕರು ದಿನಾ ಬೆಳಿಗ್ಗೆ ಎಲ್ಲಿ ನಿಂತಿರುತ್ತಾರೆ ನೋಡಿ. ಸೈಟಿನಲ್ಲಿ, ಮೇಸ್ತ್ರಿಯ ತಲೆಯ ಮೇಲೆ. ಆದರೆ ಸೈಟಿಗೆ 28ರಲ್ಲಿ 21 ಕಳೆದು 7 ದಿನದ ಬಿಡುವಿದೆ, ಅಂದರೆ ಫ್ಲೋಟ್. ಮೇಸ್ತ್ರಿಗೆ ಹೆಚ್ಚು ಆಳು ಕೊಟ್ಟು, ಓಟಿ ಕೊಟ್ಟು 4 ದಿನ ಮೊದಲೇ ಮುಗಿಸಿದರೂ ಗೋಡೌನ್ 57ನೇ ದಿನಕ್ಕೇ ಮುಗಿಯುತ್ತದೆ. ದುಡ್ಡು ಹೋಗಿದ್ದೇ ಬಂತು. ಅತ್ತ ಡ್ರಾಯಿಂಗ್ ಕಾರಿನ ಹಿಂದಿನ ಸೀಟಿನಲ್ಲಿ ಸಹಿಯಿಲ್ಲದೆ ಒಂದು ವಾರ ಬಿದ್ದಿದ್ದರೆ ಆ ವಾರ ಪೂರ್ತಿ ಕೊನೆಯ ತಾರೀಖಿಗೆ ಸೇರುತ್ತದೆ.

ಆ ಸಹಿಗೆ ಕಾಯುವ ಇನ್ನೊಂದು ಕೆಲಸವೂ ಇದೆ, ಅದನ್ನು ಹೆಚ್ಚಿನವರು ಚೀಟಿಯಲ್ಲೇ ಬರೆಯುವುದಿಲ್ಲ. ಕಂಬದ ಬೇಸ್ ಪ್ಲೇಟ್, ಅಂದರೆ ಬುಡದ ತೂತಿರುವ ತಗಡು, ಕೂರುವುದು ಪೆಡೆಸ್ಟಲ್‌ನಲ್ಲಿ ಹೂತ ಬೋಲ್ಟುಗಳ ಮೇಲೆ: ಕಂಬಕ್ಕೆ 4, ಒಟ್ಟು 48. ಪ್ಲೇಟಿನ ತೂತು ಎಲ್ಲಿ ಬರುತ್ತದೋ ಅಲ್ಲೇ ಬೋಲ್ಟ್ ನಿಲ್ಲಬೇಕಾದರೆ ವರ್ಕ್‌ಶಾಪಿನ ಫ್ಯಾಬ್ರಿಕೇಟರ್ ಅದೇ ಅಳತೆಯ ತಗಡಿನ ಟೆಂಪ್ಲೇಟ್ ಮಾಡಿ, ಕಾಂಕ್ರೀಟಿನ ಹಿಂದಿನ ದಿನವೇ ಸೈಟಿಗೆ ಮುಟ್ಟಿಸಬೇಕು. ಡ್ರಾಯಿಂಗ್ ಇಲ್ಲದೆ ಟೆಂಪ್ಲೇಟ್ ಇಲ್ಲ. ಟೆಂಪ್ಲೇಟ್ ಬರಲಿಲ್ಲವೆಂದು ಮೇಸ್ತ್ರಿ ಗುಂಡಿ ಬಿಟ್ಟು ಕೂರುವುದಿಲ್ಲ. ಟೇಪು ಹಿಡಿದು ಅಂದಾಜಿನಲ್ಲಿ ಬೋಲ್ಟ್ ನಿಲ್ಲಿಸುತ್ತಾನೆ. ತಪ್ಪು ಗೊತ್ತಾಗುವುದು ವಾರಗಳ ಮೇಲೆ, ಕ್ರೇನ್ ಕಂಬ ಎತ್ತಿ ಹಿಡಿದು ನಿಂತಾಗ. ಕ್ರೇನಿಗೆ ಗಂಟೆ ಲೆಕ್ಕದ ಬಾಡಿಗೆ, ಬೋಲ್ಟು 10 ಮಿಲಿಮೀಟರ್ ಆಚೆ. ಗ್ಯಾಸ್ ಕಟರ್‌ನಿಂದ ತೂತು ಅಗಲಿಸುವುದು ಸೈಟಿನ ರೂಢಿ, ಆದರೆ ಪ್ಲೇಟಿನ ಬಲ ಹೋಗುತ್ತದೆ. ಸರಿಯಾಗಿ ಮಾಡಬೇಕೆಂದರೆ ಡಿಸೈನರ್‌ನ ಕೇಳಿ, ಹೊಸದಾಗಿ ಕೊರೆದು ಕೆಮಿಕಲ್ ಆಂಕರ್, ಅಂದರೆ ಅಂಟುದ್ರವದಿಂದ ಕೂರಿಸುವ ಬೋಲ್ಟ್, ಹಾಕಬೇಕು. ಕ್ರೇನ್ ವಾಪಸ್.

ಮೇಸ್ತ್ರಿಯ ಕೆಲಸ ಮೇಸ್ತ್ರಿಗೆ ಗೊತ್ತು, ವೆಲ್ಡರ್‌ನದು ವೆಲ್ಡರ್‌ಗೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಜಾಗಕ್ಕೆ ಮಾತ್ರ ಯಾರೂ ದಿಕ್ಕಿಲ್ಲ, ವ್ಯವಸ್ಥಾಪಕನ ಸಂಬಳ ಇರುವುದು ಅದಕ್ಕೇ. ಗೋಡೆಯೂ ಹಾಗೆಯೇ: ಗಾರೆಯವರು ಉಮೇದಿನಲ್ಲಿ ನಾಲ್ಕೂ ಕಡೆ ಎಬ್ಬಿಸಿಬಿಟ್ಟರೆ ಕ್ರೇನ್ ಒಳಗೆ ಹೋಗುವುದು ಹೇಗೆ? ಒಂದು ಬದಿ ತೆರೆದಿಡಿ ಎಂದು ಚೀಟಿಯಲ್ಲೇ ಬರೆಯಬೇಕು.

ದಿನದ ಅಂದಾಜು ಕೇಳುವುದಕ್ಕೂ ಒಂದು ರೀತಿಯಿದೆ. "ಫುಟಿಂಗ್ ಕಾಂಕ್ರೀಟಿಗೆ ಎಷ್ಟು ದಿನ ಆಗುತ್ತೆ ಮೇಸ್ತ್ರಿ?" ಎಂದರೆ "ಒಂದು ವಾರ ಸಾರ್" ಎಂಬ ಉತ್ತರ ರೆಡಿ ಇರುತ್ತದೆ. ಮೂರು ಪ್ರಶ್ನೆ ಕೇಳಿ. ಎಲ್ಲ ಸರಿಹೋದರೆ? 5. ಸಾಮಾನ್ಯವಾಗಿ? 6. ಮಳೆ ಹಿಡಿದು ಎರೆಮಣ್ಣಿನ ಗುಂಡಿಯಲ್ಲಿ ನೀರು ನಿಂತರೆ? 13. ನಡುವಿನದನ್ನು ನಾಲ್ಕು ಸಲ ಎಣಿಸಿ: 5, 24, 13 ಕೂಡಿ 6ರಿಂದ ಭಾಗಿಸಿದರೆ 7 ದಿನ. ಅಮೆರಿಕದ ನೌಕಾಪಡೆ 1958ರಲ್ಲಿ ಪೊಲಾರಿಸ್ ಕ್ಷಿಪಣಿ ಯೋಜನೆಗೆ ರೂಪಿಸಿದ ಪರ್ಟ್ ಲೆಕ್ಕ ಇದು. ಕಾಂಕ್ರೀಟಿಗೆ 6ರ ಬದಲು ನಿಜಕ್ಕೂ 13 ದಿನ ಹಿಡಿದು, ಅದಕ್ಕೂ ಮೊದಲಿನ ಗುಂಡಿ ಕೆಲಸವೂ 3 ದಿನ ಹೆಚ್ಚು ಎಳೆದಿದ್ದರೆ ಸೈಟು 31ಕ್ಕೆ ಬಂತು, ಕ್ರಿಟಿಕಲ್ ಪಾತ್ ವರ್ಕ್‌ಶಾಪಿನಿಂದ ಸೈಟಿಗೆ ಹಾರಿತು, ಒಟ್ಟು 60 ಆಯಿತು. ಮೊದಲ ದಿನ ಕೆಂಪು ಶಾಯಿಯಲ್ಲಿ ಬರೆದ ದಾರಿಯೇ ಕೊನೆವರೆಗೂ ಇರುತ್ತದೆಂದು ನಂಬಿ ಕೂರುವಂತಿಲ್ಲ. ವಾರಕ್ಕೊಮ್ಮೆ ಮತ್ತೆ ಕೂಡಬೇಕು.

ಆ ವಾರದ ಲೆಕ್ಕಕ್ಕೆ ಸೋಮವಾರ 20 ನಿಮಿಷ ಸಾಕು. "ಎಷ್ಟು ಪರ್ಸೆಂಟ್ ಆಯ್ತು?" ಎನ್ನಬೇಡಿ. ತೊಂಬತ್ತು ಪರ್ಸೆಂಟ್ ಎನ್ನುವುದು ಮೂರು ವಾರ ತೊಂಬತ್ತರಲ್ಲೇ ಇರುತ್ತದೆ. "ಇನ್ನೆಷ್ಟು ದಿನ ಬೇಕು, ಯಾವುದಕ್ಕೆ ಕಾಯುತ್ತಿದ್ದೀರಿ?" ಎಂದು ಕೇಳಿ. ಮಳೆ ಬಿದ್ದ ಕೂಡಲೇ ಬಿತ್ತನೆಗೆ ಊರಿಗೆ ಹೋಗುವ ಆಳುಗಳು, ಅಮಾವಾಸ್ಯೆ, ಗಣೇಶನ ಹಬ್ಬ ಎಲ್ಲವನ್ನೂ ಮೊದಲೇ ಕ್ಯಾಲೆಂಡರಿನಲ್ಲಿ ಗುರುತಿಸಿ. ಪ್ರತಿ ಕೆಲಸಕ್ಕೂ ಎರಡೆರಡು ದಿನ ಜಾಸ್ತಿ ಹಾಕಿದರೆ ಎಲ್ಲರೂ ಆ ದಿನಗಳನ್ನು ತಿಂದೇ ಮುಗಿಸುತ್ತಾರೆ. ಆ ಹೆಚ್ಚುವರಿ ದಿನಗಳನ್ನು ಒಟ್ಟು ಮಾಡಿ ಕೊನೆಯಲ್ಲಿಡಿ, ಕೀಲಿ ನಿಮ್ಮ ಹತ್ತಿರ ಇರಲಿ.

ಇನ್ನು ಬದಲಾವಣೆ. ಲಿಂಟಲ್ (ಬಾಗಿಲ ಮೇಲಿನ ಕಾಂಕ್ರೀಟ್ ತೊಲೆ) ಹಾಕಿದ ಮೇಲೆ ಮಾಲೀಕರಿಗೆ 12 ಅಡಿಯ ಶಟರ್ ಸಾಲದು, 16 ಅಡಿ ಇದ್ದರೆ ಲಾರಿ ಸಲೀಸು ಎನಿಸುತ್ತದೆ. ಬೇಡವೆನ್ನಬೇಕಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ತಾರೀಖು, ಯಾರು ಹೇಳಿದ್ದು, ಒಡೆದು ಮತ್ತೆ ಕಟ್ಟಿ ಕಾಂಕ್ರೀಟ್ ಹಾಕಲು 5 ದಿನ, ಲಿಂಟಲ್ ಕೆಳಗಿನ ಆಸರೆ ತೆಗೆಯಲು ಇನ್ನೂ 14 ದಿನ, ಹೆಚ್ಚುವರಿ ಖರ್ಚು ಇಷ್ಟು. ಓದಿ ಹೇಳಿ, ಕೆಳಗೆ ಅವರ ಸಹಿ ಹಾಕಿಸಿ, ಆಮೇಲೆ ಸುತ್ತಿಗೆ ಎತ್ತಿಸಿ.