ಮನೆಯಲ್ಲೇ ಮಾಡುವ ಲಗ್ನಪತ್ರಿಕೆಗೆ ಹೊಂಬಣ್ಣದ ಅಕ್ಷರ: ಕೆಲಸವೆಲ್ಲ ಕಪ್ಪು ಮುದ್ರಣದಲ್ಲಿದೆ

ಲಗ್ನಪತ್ರಿಕೆಯ ಮೇಲೆ ಮಿರುಗುವ ಹೊಂಬಣ್ಣದ ಅಕ್ಷರಗಳಲ್ಲಿ ಚಿನ್ನದ ಲವಲೇಶವೂ ಇರುವುದಿಲ್ಲ, ಅದು ಅಲ್ಯೂಮಿನಿಯಂ. ತೆಳುವಾದ ಪಾಲಿಯೆಸ್ಟರ್ ಹಾಳೆಯೊಂದರ ಮೇಲೆ ಮೊದಲು ಬಿಸಿ ತಾಕಿದರೆ ಬಿಟ್ಟುಕೊಳ್ಳುವ ಒಂದು ಲೇಪ, ಅದರ ಮೇಲೆ ಹಳದಿ ಛಾಯೆಯ ಪಾರದರ್ಶಕ ಮೆರುಗೆಣ್ಣೆ, ಆಮೇಲೆ ನಿರ್ವಾತದಲ್ಲಿ ಆವಿಯಾಗಿಸಿ ಕೂರಿಸಿದ ಅತಿ ತೆಳುವಾದ ಅಲ್ಯೂಮಿನಿಯಂ, ಕೊನೆಯಲ್ಲಿ ಅಂಟಿಕೊಳ್ಳುವ ಪದರ, ಇಷ್ಟು ಸೇರಿದರೆ ನಾವು ಫಾಯಿಲ್ ಎಂದು ಕರೆಯುವ ಸರಕು ಸಿದ್ಧವಾಗುತ್ತದೆ. ಮೆರುಗೆಣ್ಣೆಯ ಬಣ್ಣ ಬದಲಾದರೆ ಅದೇ ಲೋಹ ತಾಮ್ರವಾಗಿಯೋ ಗುಲಾಬಿ ಹೊನ್ನಾಗಿಯೋ ಕಾಣುತ್ತದೆ, ಬಣ್ಣವನ್ನೇ ಬೆರೆಸದಿದ್ದರೆ ಬೆಳ್ಳಿಯಾಗುತ್ತದೆ. ಮೈಸೂರು ಶೈಲಿಯ ಚಿತ್ರಗಳಲ್ಲಿ ಗೆಸ್ಸೋ ಎಂಬ ಅಂಟುಲೇಪದ ಉಬ್ಬಿನ ಮೇಲೆ ಅಂಟಿಸುವ ನಿಜವಾದ ಚಿನ್ನದ ರೇಕಿಗೂ ಇದಕ್ಕೂ ನಂಟಿಲ್ಲ. ಅಲ್ಯೂಮಿನಿಯಂ ಆದದ್ದರಿಂದ ಒಂದು ಅನುಕೂಲವೂ ಉಂಟು. ಹಿತ್ತಾಳೆ ಪುಡಿ ಬೆರೆಸಿದ ಬಂಗಾರದ ಇಂಕಿನಲ್ಲಿ ಸ್ಕ್ರೀನ್ ಪ್ರಿಂಟ್ ಮಾಡಿದ ಹಳೆಯ ಪತ್ರಿಕೆಗಳು ಕಾಲಕ್ರಮೇಣ ಕಂದುತ್ತವೆ, ಫಾಯಿಲ್ ಹಾಗೆ ಕಂದುವುದಿಲ್ಲ.

ಪ್ರೆಸ್ಸಿನಲ್ಲಿ ಈ ಕೆಲಸಕ್ಕೆ ಹಿತ್ತಾಳೆ ಅಥವಾ ಮೆಗ್ನೀಸಿಯಂನಲ್ಲಿ ಅಕ್ಷರಗಳ ಬ್ಲಾಕ್ ಮಾಡಿಸಿ, ಅದನ್ನು ಕಾಯಿಸಿ, ಫಾಯಿಲ್‌ನ ಮೇಲಿಂದ ಕಾಗದಕ್ಕೆ ಬಲವಾಗಿ ಒತ್ತುತ್ತಾರೆ. ಅಕ್ಷರ ಸ್ವಲ್ಪ ತಗ್ಗಿಗೆ ಇಳಿದು, ಅಂಚು ಕತ್ತರಿಸಿದಷ್ಟು ಚೂಪಾಗಿ ಬರುತ್ತದೆ. ಆ ಗುಣ ಮನೆಯಲ್ಲಿ ಸಿಗುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡು ಕೆಲಸಕ್ಕೆ ಇಳಿಯುವುದು ಒಳ್ಳೆಯದು. ಐನೂರೋ ಸಾವಿರವೋ ಪ್ರತಿ ಬೇಕಿದ್ದವರು ಬೆಂಗಳೂರಿನ ಸುಲ್ತಾನ್‌ಪೇಟೆಯ ಕಡೆಗೋ ತಮ್ಮ ಊರಿನ ಪ್ರೆಸ್ಸಿಗೋ ಹೋಗುವುದೇ ಸರಿ, ಏಕೆಂದರೆ ಬ್ಲಾಕಿನ ಖರ್ಚು ಅಷ್ಟು ಪ್ರತಿಗಳ ಮೇಲೆ ಹಂಚಿಹೋಗುತ್ತದೆ. ಐವತ್ತೋ ನೂರೋ ಪತ್ರಿಕೆ, ತಾಂಬೂಲದ ಚೀಲಕ್ಕೆ ಕಟ್ಟುವ ಚೀಟಿ, ಆರತಕ್ಷತೆಯ ಊಟದ ಮೇಜಿಗೆ ಇಡುವ ಹೆಸರಿನ ಕಾರ್ಡು ಇಂಥವುಗಳಿಗೆ ಮಾತ್ರ ಮನೆಯ ವಿಧಾನ ಹೇಳಿಮಾಡಿಸಿದಂತಿರುತ್ತದೆ.

ಮನೆಯ ವಿಧಾನದಲ್ಲಿ ಬ್ಲಾಕಿನ ಜಾಗದಲ್ಲಿ ಕೆಲಸ ಮಾಡುವುದು ಲೇಸರ್ ಪ್ರಿಂಟರಿನ ಟೋನರ್. ಟೋನರ್ ಎಂದರೆ ಇಂಕಲ್ಲ, ಬಣ್ಣ ಬೆರೆಸಿದ ಪ್ಲಾಸ್ಟಿಕ್ಕಿನ ನುಣ್ಣನೆಯ ಪುಡಿ. ಪ್ರಿಂಟರಿನೊಳಗೆ ಬಿಸಿಗೆ ಕರಗಿ ಕಾಗದಕ್ಕೆ ಹಿಡಿದುಕೊಂಡ ಆ ಪ್ಲಾಸ್ಟಿಕ್, ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸುವ ಲ್ಯಾಮಿನೇಟರ್ ಯಂತ್ರದ ರೋಲರುಗಳ ನಡುವೆ ಎರಡನೆಯ ಬಾರಿ ಬಿಸಿಯಾದಾಗ ಮತ್ತೆ ಮೆತ್ತಗಾಗಿ, ತನ್ನ ಮೇಲಿರುವ ಫಾಯಿಲ್‌ನ ಪದರವನ್ನು ಕಚ್ಚಿಕೊಳ್ಳುತ್ತದೆ. ಟೋನರ್ ಇಲ್ಲದ ಕಡೆ ಫಾಯಿಲ್‌ಗೆ ಹಿಡಿತವಿಲ್ಲ, ಆದ್ದರಿಂದ ಅದು ತನ್ನ ಪಾಲಿಯೆಸ್ಟರ್ ಹಾಳೆಯಲ್ಲೇ ಉಳಿಯುತ್ತದೆ. ಈಗ ಹಲವು ಮನೆಗಳಲ್ಲಿರುವುದು ಬಾಟಲಿಯಿಂದ ಇಂಕು ತುಂಬಿಸುವ ಟ್ಯಾಂಕ್ ಪ್ರಿಂಟರ್. ಅದರಲ್ಲಿ ಮುದ್ರಿಸಿದ ಅಕ್ಷರ ಎಷ್ಟೇ ಕಪ್ಪಾಗಿದ್ದರೂ ಅದಕ್ಕೆ ಫಾಯಿಲ್ ಹಿಡಿಯದು. ಲೇಸರ್ ಇಲ್ಲದವರು ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪು ಪ್ರತಿ ತೆಗೆಸಿಕೊಂಡರೆ ಸಾಕು, ಅಲ್ಲಿಯದೂ ಇದೇ ಟೋನರ್.

ಇದರ ಅರ್ಥವೇನೆಂದರೆ, ಫಾಯಿಲ್ ತಾನಾಗಿ ಯಾವ ಅಕ್ಷರವನ್ನೂ ಮೂಡಿಸುವುದಿಲ್ಲ, ಕೆಳಗಿರುವ ಕಪ್ಪಿನ ಗುಣದೋಷಗಳನ್ನು ಹೊಳಪಿನಲ್ಲಿ ಎತ್ತಿ ತೋರಿಸುತ್ತದೆ ಅಷ್ಟೆ. ಕಣ್ಣಿಗೆ ಚೆನ್ನಾಗಿಯೇ ಕಾಣುವ ಬೂದು ಬಣ್ಣದ ಅಕ್ಷರ ವಾಸ್ತವದಲ್ಲಿ ಬಿಡಿಬಿಡಿ ಚುಕ್ಕೆಗಳ ಗುಂಪಾಗಿರುವುದರಿಂದ ಅದರ ಮೇಲೆ ಫಾಯಿಲ್ ಕೂಡ ಚುಕ್ಕೆಚುಕ್ಕೆಯಾಗಿಯೇ ಕೂರುತ್ತದೆ. ಆದಕಾರಣ ಹೊಂಬಣ್ಣ ಬರಬೇಕಾದ ಎಲ್ಲವನ್ನೂ ನೂರಕ್ಕೆ ನೂರು ಕಪ್ಪಿನಲ್ಲಿ ಇಡಬೇಕು, ಟೋನರ್ ಉಳಿಸುವ ಆಯ್ಕೆಯನ್ನು ತೆಗೆದುಹಾಕಬೇಕು, ಪ್ರಿಂಟರಿನ ಸೆಟ್ಟಿಂಗಿನಲ್ಲಿ ಕಾಗದದ ಬಗೆಯನ್ನು ದಪ್ಪ ಕಾಗದವೆಂದು ಸೂಚಿಸಬೇಕು. ಹೀಗೆ ಸೂಚಿಸಿದಾಗ ಸಾಮಾನ್ಯವಾಗಿ ಯಂತ್ರ ಕಾಗದವನ್ನು ನಿಧಾನವಾಗಿಯೋ ಹೆಚ್ಚು ಬಿಸಿಯಲ್ಲಿಯೋ ಸಾಗಿಸುತ್ತದೆ, ಟೋನರ್ ಆಳವಾಗಿ ಕಚ್ಚಿಕೊಳ್ಳುತ್ತದೆ. ಮುದ್ರಣವಾದ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಅಕ್ಷರದ ಹೊಟ್ಟೆಯಲ್ಲಿ ಸೂಜಿಮೊನೆಯಷ್ಟು ಬಿಳಿ ಕಂಡರೂ ಅಲ್ಲಿ ಫಾಯಿಲ್ ಕೂರುವುದಿಲ್ಲ, ಅಕ್ಷರದ ಸುತ್ತ ಧೂಳಿನಂತೆ ಟೋನರ್ ಹರಡಿದ್ದರೆ ಆ ಧೂಳೂ ಹೊಳೆಯುತ್ತದೆ. ಅಂಥ ಹಾಳೆಗೆ ಫಾಯಿಲ್ ಖರ್ಚು ಮಾಡುವುದು ವ್ಯರ್ಥ, ಮತ್ತೊಮ್ಮೆ ಮುದ್ರಿಸಿಕೊಳ್ಳುವುದೇ ಅಗ್ಗ.

ಇನ್ನು ಅಕ್ಷರದ ವಿಚಾರ. ಫಾಯಿಲ್ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ರೋಮನ್ ಲಿಪಿಯನ್ನು ಕಣ್ಣೆದುರು ಇಟ್ಟುಕೊಂಡು ಬರೆದವು, ನಮ್ಮ ಲಿಪಿಯ ತೊಡಕುಗಳು ಬೇರೆ. ಕನ್ನಡದಲ್ಲಿ ಒಂದು ಅಕ್ಷರ ಇನ್ನೊಂದಾಗಿಬಿಡಲು ಒಂದು ಚುಕ್ಕೆ, ಒಂದು ಸಣ್ಣ ಸೀಳು ಸಾಕು. ‘ಥ’ಕಾರದ ಹೊಟ್ಟೆಯ ಚುಕ್ಕೆ ಫಾಯಿಲ್‌ನಲ್ಲಿ ಮುಚ್ಚಿಕೊಂಡರೆ ಅಥವಾ ಕೂರದೆ ಹೋದರೆ ವರನ ಹೆಸರು ಮಂಜುನಾಥ ಎಂಬುದರ ಬದಲು ‘ಮಂಜುನಾಧ’ ಎಂದು ಓದಿಸಿಕೊಳ್ಳುತ್ತದೆ. ‘ಧ’ಕಾರದ ಅಡಿಯ ಗೆರೆ ಮಾಯವಾದರೆ ರಾಧಾ ‘ರಾದಾ’ ಆಗುತ್ತಾಳೆ, ‘ಫ’ ‘ಪ’ ಆಗುತ್ತದೆ. ಒತ್ತಕ್ಷರಗಳ ಪಾಡು ಇನ್ನೂ ಕಷ್ಟ. ಲಕ್ಷ್ಮೀ, ಜ್ಯೋತ್ಸ್ನಾ ಎಂಬಂಥ ಹೆಸರುಗಳಲ್ಲಿ ಎರಡೆರಡು ಒತ್ತುಗಳು ಕಿರಿದಾದ ಜಾಗದಲ್ಲಿ ಸೇರಿಕೊಂಡಿರುತ್ತವೆ, ಮುಖ್ಯಾಕ್ಷರ ದೊಡ್ಡದಾಗಿ ಕಂಡರೂ ಒತ್ತುಗಳ ಒಳಗಿನ ಬಯಲು ಕೂದಲೆಳೆಯಷ್ಟೇ ಇರುತ್ತದೆ. ಎರಡು ಗೆರೆಗಳ ನಡುವಿನ ಅಂತರ ತೀರ ಕಡಿಮೆಯಾದರೆ ಫಾಯಿಲ್ ಆ ಅಂತರವನ್ನು ಸೇತುವೆಯಂತೆ ದಾಟಿ ಎರಡನ್ನೂ ಬೆಸೆದುಬಿಡುತ್ತದೆ. ಗೆರೆಯ ದಪ್ಪ ಕಾಲು ಮಿಲಿಮೀಟರಿಗಿಂತ ಕಡಿಮೆಯಾಗದಂತೆ, ಗೆರೆಗಳ ನಡುವಿನ ಬಯಲು ಅದಕ್ಕಿಂತ ಸ್ವಲ್ಪ ಹೆಚ್ಚೇ ಇರುವಂತೆ ನೋಡಿಕೊಳ್ಳುವುದು ನಾನು ಪಾಲಿಸುವ ಅಳತೆ.

ಹಾಗಾಗಿ ಫಾಂಟ್ ಆರಿಸುವಾಗ ಅಲಂಕಾರದ ಬಳ್ಳಿಗಳಿಗಿಂತ ಅಕ್ಷರದ ಒಳಬಯಲನ್ನು ನೋಡಬೇಕು. ಉಚಿತವಾಗಿ ಸಿಗುವ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ ಫಾಂಟುಗಳಲ್ಲಿ ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳಿದ್ದು, ಅವುಗಳ ನಡುವಿನ ತೂಕ ಫಾಯಿಲ್‌ಗೆ ಒಗ್ಗುತ್ತದೆ. ದಪ್ಪದ ತೂಕವೇ ಇಲ್ಲದ ಫಾಂಟನ್ನು ಬೋಲ್ಡ್ ಗುಂಡಿ ಒತ್ತಿ ದಪ್ಪ ಮಾಡುವುದು ಬೇಡ, ಆಗ ತಂತ್ರಾಂಶ ಅಕ್ಷರದ ಅಂಚನ್ನು ಸುಮ್ಮನೆ ಉಬ್ಬಿಸುತ್ತದೆ ಮತ್ತು ಮೊದಲು ಬಲಿಯಾಗುವುದು ಒತ್ತಕ್ಷರವೇ. ವಧೂವರರ ಹೆಸರಿಗೆ 26ರಿಂದ 32 ಪಾಯಿಂಟ್, ಮೇಲ್ಭಾಗದ ಕುಲದೇವತೆಯ ಹೆಸರಿಗೆ 16 ಪಾಯಿಂಟ್ ಇದ್ದರೆ ನೆಮ್ಮದಿ. ಅದಕ್ಕಿಂತ ತೀರ ಕೆಳಗಿಳಿಯುವುದನ್ನು ನಾನು ಒಪ್ಪುವುದಿಲ್ಲ. ಎರಡು ಸಾಲುಗಳಲ್ಲಿ ಫಾಯಿಲ್ ಬರುವುದಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ ಸಾಲಂತರವನ್ನು ಒಂದೂವರೆ ಪಟ್ಟು ಇಡಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಪತ್ರಿಕೆ ಸಿದ್ಧಪಡಿಸಿದವರು ಅದನ್ನು ಪಿಡಿಎಫ್ ಮಾಡಿಕೊಂಡೇ ಜೆರಾಕ್ಸ್ ಅಂಗಡಿಗೆ ಒಯ್ಯುವುದು ಕ್ಷೇಮ, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಬರುವ ಗೋಜಲು ಎಲ್ಲರಿಗೂ ಗೊತ್ತಿರುವಂಥದೇ.

ಫಾಂಟಿನ ಗೊಡವೆಯೇ ಬೇಡ ಎನ್ನುವವರಿಗೆ ನನಗೆ ತುಂಬ ಇಷ್ಟವಾದ ಒಂದು ದಾರಿಯಿದೆ. ಮನೆಯಲ್ಲಿ ಅಜ್ಜಿಯೋ ಚಿಕ್ಕಪ್ಪನೋ ದುಂಡಗಿನ ಅಕ್ಷರ ಬರೆಯುವವರಿದ್ದರೆ, ಬಿಳಿಯ ಹಾಳೆಯ ಮೇಲೆ ಕಪ್ಪು ಮಾರ್ಕರಿನಲ್ಲಿ ಹೆಸರುಗಳನ್ನು ಅವರ ಕೈಯಲ್ಲೇ ಬರೆಸಿ, ಅದನ್ನು ಪತ್ರಿಕೆಯ ಕಾಗದದ ಮೇಲೆ ಗಾಢವಾಗಿ ಜೆರಾಕ್ಸ್ ತೆಗೆಸಬಹುದು. ಆ ಕೈಬರಹವೇ ಹೊಂಬಣ್ಣ ತಾಳುತ್ತದೆ.

ಕಾಗದ ನುಣುಪಾಗಿರಬೇಕು. ಕೈಕಾಗದದ ಒರಟು ಮೈ ನೋಡಲು ಚೆಂದವಿದ್ದರೂ ಅದರ ತಗ್ಗುಗಳಿಗೆ ರೋಲರಿನ ಒತ್ತಡ ತಲುಪುವುದಿಲ್ಲ, ಅಕ್ಷರ ತರಿತರಿಯಾಗುತ್ತದೆ. ತೀರ ಹೊಳಪಿನ ಆರ್ಟ್ ಕಾಗದದಲ್ಲಿ ಇನ್ನೊಂದು ತೊಂದರೆ: ಬಿಸಿಗೆ ಅದರ ಲೇಪವೇ ಅಲ್ಲಲ್ಲಿ ಫಾಯಿಲ್ ಹಿಡಿದುಕೊಳ್ಳುತ್ತದೆ. ಹೊಳಪಿಲ್ಲದ ನುಣುಪು ಕಾಗದ ಎಲ್ಲಕ್ಕಿಂತ ಸಲೀಸು. ಮನೆಯ ಲೇಸರ್ ಪ್ರಿಂಟರುಗಳಲ್ಲಿ ಹಲವು 160 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ಲೆಕ್ಕದ ಕಾಗದದ ತೂಕ) ಆಸುಪಾಸಿನವರೆಗೆ ಮಾತ್ರ ತಾಳುತ್ತವೆಯಾದ್ದರಿಂದ, ಆ ದಪ್ಪದ ಕಾಗದದಲ್ಲಿ ಮುದ್ರಿಸಿ ಫಾಯಿಲ್ ಹಾಕಿ, ಅನಂತರ 300 ಜಿಎಸ್‌ಎಂ ಬಣ್ಣದ ರಟ್ಟಿನ ಮೇಲೆ ಅಂಟಿಸುವುದು ಜಾಣತನ; ಸುತ್ತ ಉಳಿಯುವ ರಟ್ಟಿನ ಅಂಚು ಚೌಕಟ್ಟಿನಂತೆ ಕಾಣುತ್ತದೆ.

ಋತುವಿನ ಮಾತನ್ನೂ ಇಲ್ಲಿ ಹೇಳಬೇಕು. ಆಷಾಢದಲ್ಲಿ ನಮ್ಮಲ್ಲಿ ಹೆಚ್ಚಿನವರು ಮದುವೆ ಮಾಡುವುದಿಲ್ಲ, ಆದರೆ ಶ್ರಾವಣದ ಮದುವೆಗಳ ಪತ್ರಿಕೆ ಸಿದ್ಧವಾಗುವುದು ಆಷಾಢದಲ್ಲೇ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಆ ದಿನಗಳಲ್ಲಿ ಬಿಚ್ಚಿಟ್ಟ ಕಾಗದ ಗಾಳಿಯ ತೇವ ಹೀರಿ ಬಾಗುತ್ತದೆ, ತೇವದ ಕಾಗದಕ್ಕೆ ಟೋನರ್ ಸರಿಯಾಗಿ ಕೂರುವುದಿಲ್ಲ, ಫಾಯಿಲ್ ಹಾಕುವಾಗ ಒಳಗಿನ ತೇವ ಆವಿಯಾಗಿ ಅಕ್ಷರಗಳ ಮೈಯಲ್ಲೇ ಬೋಳು ಕಲೆಗಳು ಉಳಿಯುತ್ತವೆ. ಕಾಗದದ ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಟ್ಟು, ಅಂದಂದಿಗೆ ಬೇಕಾದಷ್ಟನ್ನೇ ಹೊರತೆಗೆಯಬೇಕು. ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚುವುದನ್ನು ಇದೇ ಕಾರಣಕ್ಕೆ ಎಲ್ಲ ಮುಗಿದ ಮೇಲೆ ಮಾಡಬೇಕು.

ಲ್ಯಾಮಿನೇಟರಿನ ಕೆಲಸ ಇದಕ್ಕೆಲ್ಲ ಹೋಲಿಸಿದರೆ ಸುಲಭ. ಯಂತ್ರವನ್ನು ದಪ್ಪನೆಯ ಪ್ಲಾಸ್ಟಿಕ್ ಪೌಚಿಗೆಂದು ಗುರುತು ಮಾಡಿದ, ಅಂದರೆ 125 ಮೈಕ್ರಾನಿನ, ಬಿಸಿಯಲ್ಲಿ ಇಟ್ಟು, ಸಿದ್ಧವೆಂದು ದೀಪ ಹತ್ತಿದ ಮೇಲೂ ಹತ್ತು ನಿಮಿಷ ಕಾಯಲು ಬಿಡಬೇಕು. ಹೆಸರಿನ ಜಾಗವನ್ನು ಸುತ್ತಲೂ ಒಂದು ಸೆಂಟಿಮೀಟರಿನಷ್ಟು ಮೀರಿ ಮುಚ್ಚುವ ಫಾಯಿಲ್ ತುಂಡನ್ನು ಕತ್ತರಿಸಿ, ಬಣ್ಣದ ಹೊಳಪಿನ ಮುಖ ನಮ್ಮ ಕಡೆಗೂ ಮಂಕಾದ ಮುಖ ಕಾಗದದ ಕಡೆಗೂ ಬರುವಂತೆ ಇಡಬೇಕು. ಮೊದಲ ಬಾರಿ ಮಾಡುವವರು ಇದನ್ನು ತಿರುಗುಮುರುಗಾಗಿ ಇಡುವುದೇ ಹೆಚ್ಚು. ಸುಕ್ಕು ಉಳಿದರೆ ಆ ಗೆರೆ ಅಕ್ಷರದ ಮೇಲೂ ಮೂಡುತ್ತದೆಯಾದ್ದರಿಂದ ಮೆತ್ತನೆಯ ಬಟ್ಟೆಯಿಂದ ಸವರಿ ಸಮ ಮಾಡಿಕೊಳ್ಳಬೇಕು. ಇಷ್ಟನ್ನೂ ಕೇಕ್ ಬೇಯಿಸಲು ಬಳಸುವ ಪಾರ್ಚ್‌ಮೆಂಟ್ ಹಾಳೆಯನ್ನು ಮಡಿಸಿ ಅದರೊಳಗಿಟ್ಟು, ಮಡಿಕೆಯ ಕಡೆಯನ್ನು ಮುಂದೆ ಮಾಡಿ ಯಂತ್ರಕ್ಕೆ ಕೊಡಬೇಕು. ಮೇಣದ ಹಾಳೆ ಆಗದು, ಮೇಣ ಕರಗಿ ರೋಲರಿಗೆ ಹತ್ತುತ್ತದೆ. ಪಾರ್ಚ್‌ಮೆಂಟ್ ಬೇಕಾಗುವುದು ಇನ್ನೊಂದು ಕಾರಣಕ್ಕೆ: ಮುಹೂರ್ತ, ಸ್ಥಳ, ‘ಸುಖಾಗಮನ ಬಯಸುವವರು’ ಎಂಬ ಉಳಿದ ಒಕ್ಕಣೆಯನ್ನೂ ಅದೇ ಹಾಳೆಯಲ್ಲಿ ಲೇಸರಿನಲ್ಲೇ ಮುದ್ರಿಸಿದ್ದರೆ ಆ ಟೋನರೂ ಮೆತ್ತಗಾಗುತ್ತದೆ, ತಡೆಯಿಲ್ಲದಿದ್ದರೆ ಅದು ರೋಲರಿಗೆ ಅಂಟಿ ಮುಂದಿನ ಪತ್ರಿಕೆಯ ಮೇಲೆ ಕಲೆ ಮಾಡುತ್ತದೆ. ಹೊರಬಂದ ಹಾಳೆ ಪೂರ್ತಿ ತಣ್ಣಗಾದ ಮೇಲೆ ಫಾಯಿಲ್ಲನ್ನು ಒಂದು ಮೂಲೆಯಿಂದ, ಕಾಗದಕ್ಕೆ ಸಮೀಪವಾಗಿ ಹಿಂದಕ್ಕೆ ಮಡಚುತ್ತ, ನಿಧಾನವಾಗಿ ಎಳೆಯಬೇಕು. ಇಸ್ತ್ರಿಪೆಟ್ಟಿಗೆಯಿಂದಲೂ ಆಗುತ್ತದೆಂದು ಹಲವರು ಹೇಳುತ್ತಾರೆ. ಒಂದೆರಡು ಚೀಟಿಗೆ ಆಗಬಹುದು. ಒತ್ತಡ ಕೈಯಿಂದ ಕೈಗೆ ಬದಲಾಗುವುದರಿಂದ ನೂರು ಪತ್ರಿಕೆ ಒಂದೇ ತರಹ ಬರುವ ಭರವಸೆ ಅದರಲ್ಲಿಲ್ಲ.

ತಪ್ಪು ಎಲ್ಲಿದೆಯೆಂದು ಹಾಳೆಯೇ ತಿಳಿಸುತ್ತದೆ. ಅಕ್ಷರ ಕಪ್ಪಾಗಿಯೇ ಉಳಿದು ಅಂಚಿನಲ್ಲಿ ಮಾತ್ರ ಹೊಳೆದರೆ ಬಿಸಿ ಸಾಲದು. ಹೊಸ ಫಾಯಿಲ್ ತುಂಡಿಟ್ಟು ಇನ್ನೊಮ್ಮೆ ಸಾಗಿಸಿದರೆ ಬಹುತೇಕ ತುಂಬಿಕೊಳ್ಳುತ್ತದೆ. ಖಾಲಿ ಕಾಗದದ ಮೇಲೆ ಫಾಯಿಲ್ ಪುಡಿಪುಡಿಯಾಗಿ ಹತ್ತಿದ್ದರೆ ಬಿಸಿ ಹೆಚ್ಚಾಗಿದೆ ಅಥವಾ ಟೋನರ್ ಚದುರಿದೆ. ಮೆತ್ತನೆಯ ರಬ್ಬರಿನಿಂದ ಅದನ್ನು ಎತ್ತಬಹುದು. ಸೂಜಿಮೊನೆಯಷ್ಟು ಸಣ್ಣ ರಂಧ್ರಗಳು ಎಲ್ಲ ಕೆಲಸದಲ್ಲೂ ಉಳಿಯುತ್ತವೆ, ಅವುಗಳಿಂದ ಇಣುಕುವುದು ಕಪ್ಪು ಟೋನರ್. ಕೆನೆಬಣ್ಣದ ಕಾಗದದಲ್ಲಿ ಆ ಕಪ್ಪು ಎದ್ದು ಕಾಣುತ್ತದೆ, ಕಡುಗೆಂಪು ಅಥವಾ ಕಡುಹಸಿರು ಕಾಗದದಲ್ಲಿ ಮರೆಯಾಗುತ್ತದೆ. ಹೊಸಬರಿಗೆ ನಾನು ಕುಂಕುಮದ ಕೆಂಪನ್ನೇ ಸೂಚಿಸುವುದು ಈ ಕಾರಣಕ್ಕೆ. ಮಡಿಕೆ ಬೀಳುವ ಕಡೆ ಮಾತ್ರ ಯಾವ ಬಣ್ಣದ ಕಾಗದದಲ್ಲೂ ಫಾಯಿಲ್ ಇಡಬಾರದು, ಟೋನರ್ ಬಿರಿದು ಉದುರುತ್ತದೆ.

ಎಳೆದು ತೆಗೆದ ಹಾಳೆಯನ್ನು ಎಸೆಯುವ ಮುನ್ನ ಬೆಳಕಿಗೆ ಹಿಡಿದರೆ ಹೆಸರುಗಳು ಅದರಲ್ಲಿ ಪಾರದರ್ಶಕ ಕಿಂಡಿಗಳಾಗಿ ಕಾಣುತ್ತವೆ. ಪೂರ್ತಿ ಕಪ್ಪು ಮುದ್ರಿಸಿದ ಚೌಕದ ಮೇಲೆ ಈ ಉಳಿಕೆಯನ್ನಿಟ್ಟು ಸಾಗಿಸಿದರೆ ಹೊಂಬಣ್ಣದ ನೆಲದಲ್ಲಿ ಕಪ್ಪು ಅಕ್ಷರ ಮೂಡುತ್ತದೆ. ಲಕೋಟೆಯ ಮುಚ್ಚಳಕ್ಕೆ ಅಂಟಿಸಲು ಚೆನ್ನಾಗಿರುತ್ತದೆ, ಖರ್ಚೂ ಇಲ್ಲ.

ಎಷ್ಟು ಹೊಳೆಯಬೇಕು ಎಂಬುದರಲ್ಲಿ ನಾನು ಜಿಪುಣ. ವಧೂವರರ ಹೆಸರು, ಮೇಲಿನ ಒಂದು ಶ್ರೀಕಾರ, ಬೇಕಿದ್ದರೆ ಒಂದು ಗೆರೆ, ಅಷ್ಟೇ. ಮುಹೂರ್ತದ ವೇಳೆ ಮತ್ತು ಕಲ್ಯಾಣಮಂಟಪದ ವಿಳಾಸವನ್ನು ಫಾಯಿಲ್‌ನಲ್ಲಿ ಹಾಕಿಸಿಕೊಂಡವರ ಮನೆಯ ಹಿರಿಯರು ಪತ್ರಿಕೆಯನ್ನು ಅತ್ತಿತ್ತ ವಾಲಿಸಿ ಓದಲು ಹೆಣಗುವುದನ್ನು ನೋಡಿದ್ದೇನೆ. ಹೊಳಪು ಬೆಳಕನ್ನು ಕನ್ನಡಿಯಂತೆ ತಿರುಗಿಸುವುದರಿಂದ ಒಂದು ಕೋನದಲ್ಲಿ ಅಕ್ಷರ ಬೆಳ್ಳಗೂ ಇನ್ನೊಂದರಲ್ಲಿ ಕಪ್ಪಗೂ ಕಾಣುತ್ತದೆ. ಸ್ಕ್ಯಾನರಿಗೆ ಕೊಟ್ಟರಂತೂ ಹೊಂಬಣ್ಣ ಮಸಿಯಾಗಿಯೇ ಬರುತ್ತದೆ. ಇಂದು ಪತ್ರಿಕೆ ಕೈಗೆ ಸೇರುವ ಮೊದಲೇ ವಾಟ್ಸಾಪಿನಲ್ಲಿ ಹೋಗುವುದರಿಂದ, ಕಳುಹಿಸಲು ಫಾಯಿಲ್ ಹಾಕಿದ ಪ್ರತಿಯ ಫೋಟೊ ತೆಗೆಯುವ ಬದಲು, ಅದೇ ವಿನ್ಯಾಸದಲ್ಲಿ ಹೆಸರುಗಳಿಗೆ ಗಾಢ ಸಾಸಿವೆ ಬಣ್ಣ ಕೊಟ್ಟ ಬೇರೊಂದು ಪಿಡಿಎಫ್ ಮಾಡಿಟ್ಟುಕೊಳ್ಳಿ.